ದೀರ್ಘಕಾಲದ ಮೈಕೈ ನೋವು ಮತ್ತು ಸುಸ್ತಿಗೆ ಮೆಗ್ನೀಸಿಯಂ: ಮಾತ್ರೆ ಕೊಳ್ಳುವ ಮೊದಲು, ಕೊಂಡ ಮೇಲೆ

ಕಳೆದ ಮಳೆಗಾಲದ ಒಂದು ಸಂಜೆ, ಬ್ರಹ್ಮಾವರದ ಸಮೀಪದ ನಮ್ಮ ಔಷಧಿ ಅಂಗಡಿಗೆ ಬಂದ ಅಕ್ಕನೊಬ್ಬರು ಒದ್ದೆ ಕೊಡೆಯನ್ನು ಮೆಟ್ಟಿಲಿಗೆ ಒರಗಿಸಿಟ್ಟು, ಮೊಬೈಲಿನಲ್ಲಿದ್ದ ಒಂದು ಮಾತ್ರೆ ಡಬ್ಬಿಯ ಚಿತ್ರವನ್ನು ತೋರಿಸಿದರು. “ಅಣ್ಣ, ಮುಂಬೈಯಲ್ಲಿರುವ ನನ್ನ ನಾದಿನಿಗೆ ಇದನ್ನು ತಿಂದ ಮೇಲೆ ಮೈಕೈ ನೋವು, ಸುಸ್ತು ಎಲ್ಲ ಕಡಿಮೆಯಾಯಿತಂತೆ. ನನಗೂ ಒಂದು ಡಬ್ಬಿ ಕೊಡಿ” ಎಂದರು. ಅದು ಮೆಗ್ನೀಸಿಯಂ ಎಂಬ ಖನಿಜಾಂಶದ ಮಾತ್ರೆ. ಇಪ್ಪತ್ತೈದು ವರ್ಷಗಳಿಂದ ನೆಲದ ಮೇಲೆ ಕುಳಿತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಕತ್ತು ಬಗ್ಗಿಸಿ ಬೀಡಿ ಕಟ್ಟಿದವರ ಕುತ್ತಿಗೆ, ಹೆಗಲು, ಸೊಂಟ ಹೇಗಿರುತ್ತವೆ ಎಂಬುದನ್ನು ನಮ್ಮ ಕರಾವಳಿಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಡಬ್ಬಿ ಕೊಟ್ಟು ಹಣ ತೆಗೆದುಕೊಂಡು ಕಳುಹಿಸುವುದು ಸುಲಭವಿತ್ತು. ಆದರೆ ನಾನು, “ಅಕ್ಕ, ಈಗ ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ನಾಳೆ ತನ್ನಿ, ನೋಡಿಕೊಂಡು ಕೊಡುತ್ತೇನೆ” ಎಂದೆ.

ಮರುದಿನ ಅವರು ಒಂದು ಬಿಸ್ಕತ್ತಿನ ಡಬ್ಬಿಯನ್ನೇ ತಂದು ಕೌಂಟರಿನ ಗಾಜಿನ ಮೇಲೆ ಸುರಿದರು. ಅದರಲ್ಲಿ ಬೇರೆ ಬೇರೆ ಅಂಗಡಿಗಳಿಂದ ಚೀಟಿಯಿಲ್ಲದೆ ಕೊಂಡ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಅರೆಖಾಲಿ ಸ್ಟ್ರಿಪ್‌ಗಳು ನಾಲ್ಕು ಇದ್ದವು. ಅದರಿಂದ ಹೊಟ್ಟೆ ಉರಿಯುತ್ತದೆಂದು ಮೂರು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆ ಇತ್ತು. ಮೂತ್ರ ಹೆಚ್ಚಿಸುವ ಅಂಶವೂ ಸೇರಿದ್ದ ರಕ್ತದೊತ್ತಡದ ಮಾತ್ರೆ ಇತ್ತು. ಮೂಳೆಗೆ ಒಳ್ಳೆಯದೆಂದು ಯಾರೋ ಹೇಳಿದ ಕ್ಯಾಲ್ಸಿಯಂ ಮಾತ್ರೆಯೂ ಇತ್ತು; ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಅದರಲ್ಲಿಯೂ ಮೆಗ್ನೀಸಿಯಂ ಬೆರೆತಿತ್ತು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ವಿಷಯದ ಮುಖ್ಯ ಭಾಗವೆಲ್ಲ ಆ ಗಾಜಿನ ಮೇಲೆಯೇ ಹರಡಿಕೊಂಡಿತ್ತು. ಬಹಳ ಕಾಲದಿಂದ ನೋವಿರುವವರು ಮೆಗ್ನೀಸಿಯಂ ಬಗ್ಗೆ ಯೋಚಿಸುವ ಹೊತ್ತಿಗೆ, ಅವರ ಮನೆಯಲ್ಲಿ ಈಗಾಗಲೇ ಇರುವ ಮಾತ್ರೆಗಳು ಅವರ ದೇಹದ ಮೆಗ್ನೀಸಿಯಂ ಲೆಕ್ಕವನ್ನು ಎರಡು ದಿಕ್ಕಿಗೆ ಎಳೆದಿರುತ್ತವೆ.

ಗ್ಯಾಸ್ಟ್ರಿಕ್ ಮಾತ್ರೆ ಅದನ್ನು ಕೆಳಕ್ಕೆ ಎಳೆಯುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ, ಮುಖ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2011ರಲ್ಲಿ ಎಚ್ಚರಿಕೆ ನೀಡಿತು. ಆ ಸಂಸ್ಥೆ ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಜನರಿಗೆ ಮೆಗ್ನೀಸಿಯಂ ಕೊಟ್ಟರೂ ಮಟ್ಟ ಸರಿಹೋಗಲಿಲ್ಲ, ಗ್ಯಾಸ್ಟ್ರಿಕ್ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಫ್ಯೂರೊಸಿಮೈಡ್, ಹೈಡ್ರೊಕ್ಲೋರೊಥಯಜೈಡ್ ಮುಂತಾದವು ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸ್ಪೈರೊನೊಲ್ಯಾಕ್ಟೋನ್‌ನಂಥ ಕೆಲವು ಮಾತ್ರ ಅದನ್ನು ಉಳಿಸಿಕೊಳ್ಳುತ್ತವೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಆಗಾಗ ಕಾಡುವ ಭೇದಿ, ನಿತ್ಯದ ಮದ್ಯಪಾನ ಇವೂ ಕೊರತೆಗೆ ಕಾರಣಗಳು.

ನೋವಿನ ಮಾತ್ರೆಯ ಕಥೆ ಇದಕ್ಕೆ ತಿರುಗುಮುರುಗು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೊಫೆನಾಕ್ ಮುಂತಾದವುಗಳನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರಪಿಂಡ ಚೆನ್ನಾಗಿದ್ದಾಗ ದೇಹಕ್ಕೆ ಹೆಚ್ಚಾದ ಮೆಗ್ನೀಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಅದು ಸೋತಾಗ ಹೋಗಲು ದಾರಿಯಿಲ್ಲದೆ ರಕ್ತದಲ್ಲಿ ಸೇರುತ್ತದೆ. ಆಗ ಓಕರಿಕೆ, ಮುಖ ಕೆಂಪಾಗಿ ಬಿಸಿಯಾಗುವುದು, ರಕ್ತದೊತ್ತಡ ಇಳಿಯುವುದು, ತೂಕಡಿಕೆ, ಕೈಕಾಲುಗಳಲ್ಲಿ ಬಲವಿಲ್ಲದಂತಾಗುವುದು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ವಿಪರೀತವಾದರೆ ಉಸಿರಾಟವೂ ಹೃದಯದ ಬಡಿತವೂ ನಿಧಾನವಾಗಿ ಜೀವಕ್ಕೇ ಕುತ್ತು ಬರುತ್ತದೆ. ಮೂತ್ರಪಿಂಡದ ಕ್ಷಮತೆ ಅರ್ಧಕ್ಕೆ ಇಳಿದರೂ ಹೊರಗೆ ಏನೂ ಗೊತ್ತಾಗುವುದಿಲ್ಲ, ಹೆಚ್ಚೆಂದರೆ ಸುಸ್ತು ಅನ್ನಿಸಬಹುದು. ಆ ಸುಸ್ತಿಗೆಂದೇ ಜನ ಮೆಗ್ನೀಸಿಯಂ ಕೇಳಿಕೊಂಡು ಬರುತ್ತಾರೆ ಎಂಬುದು ನನಗೆ ನಿಜವಾಗಿಯೂ ಭಯ ಹುಟ್ಟಿಸುವ ಸಂಗತಿ.

ಆದ್ದರಿಂದ ಮಾತ್ರೆ ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಸಣ್ಣ ಊರಿನ ಲ್ಯಾಬುಗಳಲ್ಲೂ ಆಗುತ್ತದೆ. ಮಂಗಳೂರಿನ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲೂ ಮಾಡಿಸಬಹುದು. ವರದಿಯಲ್ಲಿ ಕ್ರಿಯಾಟಿನಿನ್ ಸಂಖ್ಯೆಯನ್ನಷ್ಟೇ ನೋಡಿ ಸಮಾಧಾನಪಡಬೇಡಿ, ವಯಸ್ಸು ಮತ್ತು ಲಿಂಗ ಸೇರಿಸಿ ಲೆಕ್ಕ ಹಾಕುವ ಇಜಿಎಫ್ಆರ್ ಸಂಖ್ಯೆಯನ್ನೂ ಕೇಳಿ. ಆ ಅಕ್ಕನ ಕ್ರಿಯಾಟಿನಿನ್ 1.5 ಬಂದಿತ್ತು. ನೋಡಲು ಸಣ್ಣ ಏರಿಕೆ. ಆದರೆ 52 ವರ್ಷದ ಹೆಂಗಸಿಗೆ ಅದನ್ನು ಲೆಕ್ಕ ಹಾಕಿದರೆ ಇಜಿಎಫ್ಆರ್ ಸುಮಾರು 42 ಆಗುತ್ತದೆ, ಅಂದರೆ ಮೂತ್ರಪಿಂಡ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಎಂದರ್ಥ. ಅವರ ವೈದ್ಯರು ಡೈಕ್ಲೋಫೆನಾಕ್ ಅನ್ನು ಅಂದೇ ನಿಲ್ಲಿಸಿದರು, ಗ್ಯಾಸ್ಟ್ರಿಕ್ ಮಾತ್ರೆಯನ್ನು ಕ್ರಮೇಣ ಬಿಡಿಸಿದರು, ಮೆಗ್ನೀಸಿಯಂ ಸದ್ಯಕ್ಕೆ ಬೇಡವೆಂದರು. ಇಜಿಎಫ್ಆರ್ 30ಕ್ಕಿಂತ ಕಡಿಮೆಯಿರುವವರು ಮೆಗ್ನೀಸಿಯಂ ಪೂರಕವನ್ನೂ ಮೆಗ್ನೀಸಿಯಂ ಇರುವ ಆಂಟಾಸಿಡ್ ದ್ರವಗಳನ್ನೂ ಸ್ವಂತ ತೀರ್ಮಾನದಿಂದ ಮುಟ್ಟಲೇಬಾರದು. 30ರಿಂದ 60ರ ನಡುವೆ ಇರುವವರು ವೈದ್ಯರು ಒಪ್ಪಿದರೆ ಮಾತ್ರ, ಅವರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಮಯಸ್ತೀನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರಿಗೂ ಹೃದಯದ ವಿದ್ಯುತ್ ಸಂಚಾರದಲ್ಲಿ ತಡೆ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್ಎಚ್, ಸಕ್ಕರೆ, ವಿಟಮಿನ್ ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಉರಿಯೂತ ತಿಳಿಸುವ ಇಎಸ್ಆರ್ ಇವುಗಳನ್ನು ವೈದ್ಯರ ಸಲಹೆಯಂತೆ ನೋಡಿಸುವುದು ಒಳ್ಳೆಯದು. ಮೈಕೈ ನೋವು, ಸುಸ್ತು ಎಂದು ಬರುವವರಲ್ಲಿ ರಕ್ತಹೀನತೆ, ಥೈರಾಯ್ಡ್ ತೊಂದರೆ, ಶುದ್ಧ ಸಸ್ಯಾಹಾರಿಗಳಾದರೆ ಬಿ12 ಕೊರತೆ, ಇವು ಕಂಡುಬರುವುದನ್ನು ನಾನು ಚೀಟಿಗಳಲ್ಲಿ ದಿನವೂ ನೋಡುತ್ತೇನೆ. ಇವುಗಳಿಗೆ ಖಚಿತ ಚಿಕಿತ್ಸೆ ಇದೆ. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಜ್ವರ ಬಿಟ್ಟು ತಿಂಗಳುಗಳಾದರೂ ಗಂಟುನೋವು ಬಿಡದೆ ನರಳಿದವರ ನೆನಪು ನಮ್ಮ ಕಡೆ ಇನ್ನೂ ಇದೆ. ಅಂಥ ಜ್ವರ ಬಂದುಹೋಗಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ನೋವಿನ ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಜ್ವರ ಬಿಡದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೈಕಾಲಿನ ಬಲ ಕುಂದುತ್ತಿದ್ದರೆ ಪೂರಕಗಳ ಮಾತೇ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು.

ರಕ್ತದಲ್ಲಿ ಮೆಗ್ನೀಸಿಯಂ ಎಷ್ಟಿದೆ ಎಂದು ನೋಡಿಸಬೇಕೇ? ನೋಡಿಸಬಹುದು, ಆದರೆ ಅದನ್ನು ಅರ್ಥ ಮಾಡಿಕೊಳ್ಳುವಾಗ ಎಚ್ಚರ ಬೇಕು. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದರಲ್ಲಿ ಹೆಚ್ಚಿನದು ಸ್ನಾಯು ಮತ್ತಿತರ ಅಂಗಾಂಶಗಳಲ್ಲಿ ಇದ್ದು, ರಕ್ತದ ಸೀರಂನಲ್ಲಿ, ಅಂದರೆ ರಕ್ತಕಣಗಳನ್ನು ಬಿಟ್ಟ ತಿಳಿಭಾಗದಲ್ಲಿ ಇರುವುದು ಶೇಕಡಾ 1ಕ್ಕಿಂತಲೂ ಕಡಿಮೆ. ಹಾಗಾಗಿ ಸೀರಂ ಮಟ್ಟ ಕಡಿಮೆ ಬಂದರೆ ಕೊರತೆ ಖಂಡಿತ ಇದೆ, ಅದನ್ನು ವೈದ್ಯರೇ ನೋಡಬೇಕು. ಮಟ್ಟ ಸರಿಯಾಗಿದೆ ಎಂದು ಬಂದರೆ ಒಳಗಿನ ಸಂಗ್ರಹವೂ ಸರಿಯಾಗಿದೆ ಎಂದು ಆ ಒಂದು ಸಂಖ್ಯೆಯಿಂದ ಹೇಳಲಾಗದು.

ಇಷ್ಟಕ್ಕೂ ಮೆಗ್ನೀಸಿಯಂನಿಂದ ಏನನ್ನು ನಿರೀಕ್ಷಿಸಬಹುದು

ಜೀವಕೋಶಗಳು ಶಕ್ತಿಯನ್ನು ಎಟಿಪಿ ಎಂಬ ಅಣುವಿನ ರೂಪದಲ್ಲಿ ಬಳಸುತ್ತವೆ. ಆ ಎಟಿಪಿ ಕೆಲಸ ಮಾಡಬೇಕಾದರೆ ಅದಕ್ಕೆ ಮೆಗ್ನೀಸಿಯಂ ಅಂಟಿಕೊಂಡಿರಬೇಕು. ಸುಸ್ತಿಗೂ ಮೆಗ್ನೀಸಿಯಂಗೂ ನಂಟು ಕಟ್ಟುವುದು ಇದರಿಂದಲೇ. ನೋವಿನ ನಂಟು ಇನ್ನೂ ಕುತೂಹಲಕರವಾದುದು. ಬೆನ್ನುಹುರಿಯ ನರಕೋಶಗಳಲ್ಲಿ ನೋವಿನ ಸಂದೇಶವನ್ನು ಹಿಗ್ಗಿಸುವ ಎನ್ಎಂಡಿಎ ಎಂಬ ಬಾಗಿಲುಗಳಿವೆ. ಸಾಮಾನ್ಯ ಸ್ಥಿತಿಯಲ್ಲಿ ಆ ಬಾಗಿಲಿಗೆ ಮೆಗ್ನೀಸಿಯಂ ಅಗುಳಿಯಂತೆ ಕುಳಿತಿರುತ್ತದೆ. ನೋವು ತಿಂಗಳುಗಟ್ಟಲೆ ಬಡಿಯುತ್ತಲೇ ಇದ್ದಾಗ ಅಗುಳಿ ಸರಿದು, ಬಾಗಿಲು ತೆರೆದುಕೊಂಡು, ಹಗುರಾಗಿ ಮುಟ್ಟಿದರೂ ನೋವಾಗುವ ಸ್ಥಿತಿ ಬರುತ್ತದೆ. ಅಗುಳಿ ಮೆಗ್ನೀಸಿಯಂ ಆದ್ದರಿಂದ ಮೆಗ್ನೀಸಿಯಂ ತಿಂದರೆ ನೋವು ತಗ್ಗೀತು ಎಂಬ ಆಸೆ ಸಹಜ. ಆದರೆ ಮಿದುಳು ಮತ್ತು ಬೆನ್ನುಹುರಿ ತಮ್ಮ ಸುತ್ತಲಿನ ದ್ರವದಲ್ಲಿ ಮೆಗ್ನೀಸಿಯಂ ಮಟ್ಟವನ್ನು ಬಹಳ ಬಿಗಿಯಾಗಿ ಕಾಯ್ದುಕೊಳ್ಳುತ್ತವೆ. ಬಾಯಿಯಿಂದ ತೆಗೆದುಕೊಂಡ ಮಾತ್ರೆ ಅಲ್ಲಿಗೆ ತಲುಪಿ ಬದಲಾವಣೆ ತರುವುದು ಅಷ್ಟು ನೇರವಾದ ದಾರಿಯಲ್ಲ.

ಪ್ರಯೋಗಗಳು ಏನು ಹೇಳುತ್ತವೆ ಎಂದು ನೋಡಿದರೆ, ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಇರುವುದು ಮೈಗ್ರೇನ್ ತಲೆನೋವಿಗೆ. ಅಮೆರಿಕದ ನರರೋಗ ತಜ್ಞರ ಸಂಘಗಳು 2012ರ ಮಾರ್ಗಸೂಚಿಯಲ್ಲಿ ಮೈಗ್ರೇನ್ ತಡೆಯಲು ಮೆಗ್ನೀಸಿಯಂ ಬಹುಶಃ ಪರಿಣಾಮಕಾರಿ ಎಂಬ ದರ್ಜೆ ನೀಡಿದವು. ವಯಸ್ಸಾದವರಿಗೆ ರಾತ್ರಿ ಕಾಲಿನ ಸ್ನಾಯು ಹಿಡಿದುಕೊಳ್ಳುವ ತೊಂದರೆಗೆ ಇದನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಆದರೆ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ವಿಮರ್ಶೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗುವ ಸಂಭವ ಕಡಿಮೆ ಎಂಬ ತೀರ್ಮಾನಕ್ಕೆ ಬಂತು. ದೀರ್ಘಕಾಲದ ಸುಸ್ತಿನ ಕಾಯಿಲೆಯ ಬಗ್ಗೆ 1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗವನ್ನು ಇಂದಿಗೂ ಉದಾಹರಿಸುತ್ತಾರೆ: ವಾರಕ್ಕೊಂದರಂತೆ 6 ವಾರ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಪಡೆದ 15 ಮಂದಿಯಲ್ಲಿ 12 ಮಂದಿ ಸುಧಾರಿಸಿದರು, ಬರೀ ನೀರಿನ ಇಂಜೆಕ್ಷನ್ ಪಡೆದ 17 ಮಂದಿಯಲ್ಲಿ 3 ಮಂದಿ ಮಾತ್ರ. ಇದು ಕೇಳಲು ಬಹಳ ಆಕರ್ಷಕ. ಆದರೆ ಅದು ಇಂಜೆಕ್ಷನ್, ಒಟ್ಟು ಇದ್ದವರು 32 ಮಂದಿ, ಮತ್ತು ಅನಂತರ ಬೇರೆಯವರು ಇಂಥ ರೋಗಿಗಳ ರಕ್ತ ಪರೀಕ್ಷಿಸಿದಾಗ ಮೆಗ್ನೀಸಿಯಂ ಕೊರತೆ ಅದೇ ರೀತಿ ಕಂಡುಬರಲಿಲ್ಲ.

ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಬಗ್ಗೆ 1995ರಲ್ಲಿ ಪ್ರಕಟವಾದ 24 ಮಂದಿಯ ಪ್ರಯೋಗ ನನಗೆ ಬಹಳ ಕಲಿಸಿದೆ. ಅವರಿಗೆ ಮೆಗ್ನೀಸಿಯಂ ಮತ್ತು ಮ್ಯಾಲಿಕ್ ಆಮ್ಲದ ಮಾತ್ರೆ ಕೊಟ್ಟರು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಹಿಟ್ಟಿನ ಮಾತ್ರೆ ಎಂಬುದು ಗೊತ್ತಿಲ್ಲದ ಹಂತದಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಎಲ್ಲರಿಗೂ ತಿಳಿಸಿ, ಪ್ರಮಾಣ ಹೆಚ್ಚಿಸಿ ಕೊಟ್ಟ ಮುಂದಿನ ಹಂತದಲ್ಲಿ ನೋವು ಕಡಿಮೆಯಾಯಿತು. ಪ್ರಮಾಣ ಹೆಚ್ಚಿದ್ದರಿಂದ ಆಯಿತೋ, ಮದ್ದು ತಿನ್ನುತ್ತಿದ್ದೇನೆಂಬ ಭರವಸೆಯಿಂದ ಆಯಿತೋ ಎಂದು ಅದರಿಂದ ಬಿಡಿಸಿ ಹೇಳಲಾಗುವುದಿಲ್ಲ. ಮನೆಯಲ್ಲಿ ನಾವು ಮಾಡುವ ಪ್ರಯೋಗವೂ ಇದೇ ಸಿಕ್ಕಿನಲ್ಲಿ ಸಿಲುಕುತ್ತದೆ. ಅದರಿಂದ ಸ್ವಲ್ಪವಾದರೂ ಬಿಡಿಸಿಕೊಳ್ಳುವ ಉಪಾಯವನ್ನು ಮುಂದೆ ಹೇಳುತ್ತೇನೆ.

ಡಬ್ಬಿಯ ಹಿಂಬದಿ ಓದುವುದು

ಮುಂಬದಿಯಲ್ಲಿ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ ಎಂದಿರುತ್ತದೆ, ಅದು ಸಾಮಾನ್ಯವಾಗಿ ಇಡೀ ಲವಣದ ತೂಕ. ನಮಗೆ ಬೇಕಾದದ್ದು ಅದರೊಳಗಿನ ಶುದ್ಧ ಮೆಗ್ನೀಸಿಯಂ, ಲೇಬಲ್‌ನಲ್ಲಿ ಎಲಿಮೆಂಟಲ್ ಮೆಗ್ನೀಸಿಯಂ ಎಂದು ಬರೆದಿರುವ ಸಂಖ್ಯೆ. ಮೆಗ್ನೀಸಿಯಂ ಬಿಸ್‌ಗ್ಲೈಸಿನೇಟ್ ಆದರೆ 1000 ಮಿ.ಗ್ರಾಂನಲ್ಲಿ ಸುಮಾರು 140 ಮಿ.ಗ್ರಾಂ ಮಾತ್ರ ಮೆಗ್ನೀಸಿಯಂ ಇರುತ್ತದೆ. ಸಿಟ್ರೇಟ್‌ನಲ್ಲಿ ಹೆಚ್ಚೆಂದರೆ 160ರಷ್ಟು. ಆಕ್ಸೈಡ್‌ನಲ್ಲಿ 600 ಇರುತ್ತದೆ, ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗದ ಕಾರಣ ದೇಹ ಹೀರಿಕೊಳ್ಳುವುದು ಬಹಳ ಕಡಿಮೆ; ಉಳಿದದ್ದು ಕರುಳಿಗೆ ನೀರೆಳೆದು ಭೇದಿ ತರುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ: ಕೆಲವು ಡಬ್ಬಿಗಳಲ್ಲಿ ಬರೆದ ಪ್ರಮಾಣ ಎರಡು ಮಾತ್ರೆ ಸೇರಿದ ಲೆಕ್ಕ. ಅದು ಒಂದೇ ಮಾತ್ರೆಯದೆಂದುಕೊಂಡರೆ ಲೆಕ್ಕ ದುಪ್ಪಟ್ಟು ತಪ್ಪುತ್ತದೆ.

ಮಲಬದ್ಧತೆ ಇರುವವರಿಗೆ ಸಿಟ್ರೇಟ್ ಹೊಂದುತ್ತದೆ, ಹೊಟ್ಟೆ ಸಡಿಲವಿರುವವರಿಗೆ ಗ್ಲೈಸಿನೇಟ್ ಮೇಲು ಎಂಬುದು ನನ್ನ ಅನುಭವ. ಥ್ರಿಯೋನೇಟ್ ಮುಂತಾದ ದುಬಾರಿ ರೂಪಗಳಿಗೆ ನೋವಿನ ವಿಷಯದಲ್ಲಿ ಅಷ್ಟು ಹಣ ಕೊಡುವಂಥ ಆಧಾರ ನನಗೆ ಕಂಡಿಲ್ಲ. ನೀರಿಗೆ ಹಾಕಿದಾಗ ಬುರುಗು ಬರುವ ಮಾತ್ರೆಗಳಲ್ಲಿ ಸೋಡಿಯಂ ಹೆಚ್ಚು. ರಕ್ತದೊತ್ತಡ ಇರುವವರಿಗೆ ಅವು ಬೇಡ. ಜೊತೆಗೆ ವಿಟಮಿನ್ ಬಿ6 ಬೆರೆಸಿದ್ದರೆ ಅದರ ಪ್ರಮಾಣ ನೋಡಿ, ಏಕೆಂದರೆ ಬಿ6 ಹೆಚ್ಚಾಗಿ ದೀರ್ಘಕಾಲ ಒಳಹೋದರೆ ಕೈಕಾಲುಗಳ ನರಗಳಿಗೇ ಹಾನಿಯಾಗಿ ಉರಿ, ಜೋಮು ಶುರುವಾಗುತ್ತದೆ; ನೋವಿಗೆ ಮದ್ದು ಮಾಡಲು ಹೋಗಿ ಹೊಸ ನೋವು ತಂದುಕೊಂಡಂತಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ಮಾತ್ರೆಗಳು ಬೇಗ ಮೆತ್ತಗಾಗುತ್ತವೆ, ಅದರಲ್ಲೂ ಮೆಗ್ನೀಸಿಯಂ ಕ್ಲೋರೈಡ್ ನೀರನ್ನು ಎಳೆದುಕೊಳ್ಳುವ ಲವಣ. ಡಬ್ಬಿಯೊಳಗಿನ ಸಣ್ಣ ಪೊಟ್ಟಣವನ್ನು ಎಸೆಯದೆ, ಮುಚ್ಚಳ ಬಿಗಿ ಮಾಡಿ, ಅಡುಗೆಮನೆಯ ಒಲೆಯ ಬಳಿಯಿಂದ ದೂರ ಇಡಿ.

ಎಷ್ಟು, ಯಾವಾಗ, ಯಾವುದರಿಂದ ದೂರ

ಆಹಾರ ಮತ್ತು ಮಾತ್ರೆ ಎಲ್ಲ ಸೇರಿ ವಯಸ್ಕರಿಗೆ ದಿನಕ್ಕೆ ಬೇಕಾದ ಮೆಗ್ನೀಸಿಯಂ ಸುಮಾರು 310ರಿಂದ 440 ಮಿ.ಗ್ರಾಂ. ಮಾತ್ರೆಯ ರೂಪದಲ್ಲಿ ಮೇಲ್ಮಿತಿಯನ್ನು ಅಮೆರಿಕದಲ್ಲಿ 350, ಯುರೋಪಿನಲ್ಲಿ 250 ಮಿ.ಗ್ರಾಂ ಎಂದು ನಿಗದಿ ಮಾಡಿದ್ದಾರೆ. ಮೂತ್ರಪಿಂಡ ಸರಿಯಾಗಿದೆ ಎಂದು ಖಚಿತವಾದವರು ರಾತ್ರಿ ಊಟದ ಬಳಿಕ 100 ಮಿ.ಗ್ರಾಂ ಎಲಿಮೆಂಟಲ್ ಮೆಗ್ನೀಸಿಯಂನಿಂದ ಆರಂಭಿಸಿ, ಒಂದು ವಾರ ಹೊಟ್ಟೆ ಹೇಗಿದೆ ಎಂದು ನೋಡಿ, ಅನಂತರ 200ಕ್ಕೆ ಏರಿಸಬಹುದು. ಅದಕ್ಕಿಂತ ಮೇಲೆ ಹೋಗುವುದಿದ್ದರೆ ವೈದ್ಯರನ್ನು ಕೇಳಿಯೇ ಹೋಗಬೇಕು. ಮೈಗ್ರೇನ್ ಪ್ರಯೋಗಗಳಲ್ಲಿ 600 ಮಿ.ಗ್ರಾಂವರೆಗೆ ಕೊಟ್ಟದ್ದುಂಟು, ಆದರೆ ಅಲ್ಲಿ ವೈದ್ಯರ ಕಣ್ಗಾವಲು ಇತ್ತು. ಮಲ ನೀರಾಗತೊಡಗಿದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ. ಅದನ್ನು ಸಹಿಸಿಕೊಂಡು ಮುಂದುವರಿಸಬಾರದು, ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಗರ್ಭಿಣಿಯರು ಸ್ವಂತವಾಗಿ ಏನನ್ನೂ ಆರಂಭಿಸಬಾರದು.

ಸಮಯದ ವಿಷಯದಲ್ಲಿ ನಾನು ನನ್ನ ಮನೆಯಲ್ಲಿಯೇ ತಪ್ಪಿದ್ದೇನೆ. ನನ್ನ ಹೆಂಡತಿ ಶಾಲಾ ಶಿಕ್ಷಕಿ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತಾಳೆ. ಮೆಗ್ನೀಸಿಯಂ ಆರಂಭಿಸಿದ ಹೊಸದರಲ್ಲಿ, ಮರೆಯದಿರಲಿ ಎಂದು ಎರಡನ್ನೂ ಒಂದೇ ಚಿಕ್ಕ ಕರಡಿಗೆಯಲ್ಲಿ ಹಾಕಿ ಕೊಟ್ಟವನು ನಾನೇ. ಎರಡು ತಿಂಗಳ ಬಳಿಕ ಟಿಎಸ್ಎಚ್ ನೋಡಿಸಿದರೆ 3ರಲ್ಲಿದ್ದದ್ದು 9ಕ್ಕೆ ಏರಿತ್ತು, ಅಂದರೆ ಥೈರಾಯ್ಡ್ ಮಾತ್ರೆ ಸಾಲುತ್ತಿರಲಿಲ್ಲ, ಅವಳ ಸುಸ್ತು ಮೊದಲಿಗಿಂತ ಹೆಚ್ಚಾಗಿತ್ತು. ಮೆಗ್ನೀಸಿಯಂ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಂಡು ಒಳಗೆ ಹೋಗಗೊಡುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುವ ನಾನು ಮನೆಯಲ್ಲಿ ಅದನ್ನು ಮರೆತಿದ್ದೆ. ಇವೆರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು.

ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮಾತ್ರೆಗೂ ಇದು ಅಡ್ಡಿ. ಗ್ಯಾಬಪೆಂಟಿನ್ ಅನ್ನು ಮೆಗ್ನೀಸಿಯಂ ತೆಗೆದುಕೊಂಡು ಕನಿಷ್ಠ 2 ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬೇಕು. ದೀರ್ಘಕಾಲದ ನೋವಿರುವವರಲ್ಲಿ ಈ ಮಾತ್ರೆ ತಿನ್ನುವವರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಇಲಿಜ್ವರದ ದಿನಗಳಲ್ಲಿ ನಮ್ಮ ಕಡೆ ಡಾಕ್ಸಿಸೈಕ್ಲಿನ್ ಎಲ್ಲರ ಮನೆಗೂ ಬರುತ್ತದೆ. ಅದಾಗಲಿ, ಸಿಪ್ರೊಫ್ಲಾಕ್ಸಸಿನ್ ಆಗಲಿ ಮೆಗ್ನೀಸಿಯಂ ಜೊತೆಗೆ ಹೋದರೆ ಪೂರ್ಣ ಕೆಲಸ ಮಾಡುವುದಿಲ್ಲ. ಆ ನಾಲ್ಕಾರು ದಿನ ಮೆಗ್ನೀಸಿಯಂ ನಿಲ್ಲಿಸಿಬಿಡುವುದೇ ಸರಳ ಉಪಾಯ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಕಬ್ಬಿಣದ ಮಾತ್ರೆ, ಹೆಚ್ಚು ಪ್ರಮಾಣದ ಕ್ಯಾಲ್ಸಿಯಂ ಇವುಗಳನ್ನೂ ದಿನದ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಎಪ್ಸಮ್ ಉಪ್ಪಿನ, ಅಂದರೆ ಮೆಗ್ನೀಸಿಯಂ ಸಲ್ಫೇಟ್‌ನ, ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದರಿಂದ ಹಾಯೆನಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆ ಹಾಯಿಯಲ್ಲಿ ಬಿಸಿನೀರಿನ ಪಾಲೇ ದೊಡ್ಡದು, ಚರ್ಮದ ಮೂಲಕ ಮೆಗ್ನೀಸಿಯಂ ಸಾಕಷ್ಟು ಒಳಹೋಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿಲ್ಲ. ಅದನ್ನು ನೀರಿನಲ್ಲಿ ಕದಡಿ ಕುಡಿಯಬೇಡಿ, ಅದು ಬಲವಾದ ಭೇದಿ ಮದ್ದು.

ತಟ್ಟೆಯಲ್ಲಿರುವ ಮೆಗ್ನೀಸಿಯಂ

ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಊಟದಿಂದ ಬರುವ ಮೆಗ್ನೀಸಿಯಂಗೆ ಮೇಲ್ಮಿತಿಯೇ ಇಲ್ಲ, ಮತ್ತು ಅದಕ್ಕೆ ನನ್ನ ಅಂಗಡಿಗೆ ಬರಬೇಕಾಗಿಯೂ ಇಲ್ಲ. ಅಕ್ಕಿಯ ತೌಡಿನಲ್ಲಿಯೇ ಅದರ ಮೆಗ್ನೀಸಿಯಂ ಹೆಚ್ಚಾಗಿ ಇರುವುದು. ಪೂರ್ತಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದರ ಬಹುಪಾಲು ಹೋಗಿರುತ್ತದೆ. ನಮ್ಮ ಕಜೆ ಎಂಬ ಕೆಂಪು ಅಕ್ಕಿಯ ಗಂಜಿ ಉಣ್ಣುವವರು ಅದರ ತೆಳಿಯನ್ನು ಚೆಲ್ಲದೆ ಕುಡಿದರೆ ನೀರಿಗೆ ಇಳಿದ ಲವಣಗಳೂ ಒಳಗೆ ಸೇರುತ್ತವೆ. 100 ಗ್ರಾಂ ಎಳ್ಳಿನಲ್ಲಿ ಸುಮಾರು 350, ಗೇರುಬೀಜದಲ್ಲಿ ಸುಮಾರು 290, ಹೆಸರುಕಾಳಿನಲ್ಲಿ ಸುಮಾರು 190, ರಾಗಿಯಲ್ಲಿ ಸುಮಾರು 140 ಮಿ.ಗ್ರಾಂ ಮೆಗ್ನೀಸಿಯಂ ಇದೆ. ಅಂದರೆ ಒಂದು ಹಿಡಿ ಗೇರುಬೀಜ, 30 ಗ್ರಾಂ ಎಂದಿಟ್ಟುಕೊಂಡರೂ, 80 ಮಿ.ಗ್ರಾಂಗಿಂತ ಹೆಚ್ಚು ಕೊಡುತ್ತದೆ. ಹೆಸರುಕಾಳಿನ ಗಸಿ, ಹುರುಳಿ ಸಾರು, ಹರಿವೆ ಸೊಪ್ಪಿನ ಪಲ್ಯ, ಮಳೆಗಾಲದ ಆಟಿ ತಿಂಗಳಲ್ಲಿ ತಜಂಕು ಸೊಪ್ಪು ಇವು ಸೇರಿದ ಊಟ ಆರಂಭದ ಒಂದು ಮಾತ್ರೆಯ ಕೆಲಸವನ್ನು ತಾನೇ ಮಾಡುತ್ತದೆ. ಬೀಡಿ ಕಟ್ಟುವ ಎಷ್ಟೋ ಹೆಂಗಸರು ಮಧ್ಯಾಹ್ನ ಬರೀ ಅನ್ನ, ಉಪ್ಪಿನಕಾಯಿ, ಎರಡು ಲೋಟ ಚಹಾದಲ್ಲಿ ದಿನ ಕಳೆಯುವುದನ್ನು ನೋಡಿದ್ದೇನೆ. ಅಂಥವರಿಗೆ ಡಬ್ಬಿಯ ಬೆಲೆಯಲ್ಲಿ ಒಂದು ತಿಂಗಳ ಹೆಸರುಕಾಳು ಕೊಳ್ಳಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಸೊಪ್ಪು, ಕಾಳುಗಳ ಪ್ರಮಾಣವನ್ನೂ ವೈದ್ಯರನ್ನು ಕೇಳಿ ಇಟ್ಟುಕೊಳ್ಳಬೇಕು.

ನೋಟುಬುಕ್ಕು

ಮೆಗ್ನೀಸಿಯಂ ಮಾತ್ರೆಗೆ ಆರಂಭದ ದಿನ ಇರುವಂತೆ ಮುಗಿಯುವ ದಿನವೂ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೊಂದು ಸ್ಟ್ರಿಪ್ ಆಗಿ ಉಳಿದುಬಿಡುತ್ತದೆ. ಮನುಷ್ಯ ಹೊಸ ಮಾತ್ರೆ ಹುಡುಕುವುದು ನೋವು ತೀರಾ ಹೆಚ್ಚಾದ ವಾರದಲ್ಲಿ. ಅಂಥ ವಾರದ ಬಳಿಕ ಏನೂ ಮಾಡದಿದ್ದರೂ ನೋವು ತುಸು ಇಳಿಯುತ್ತದೆ, ಅದರ ಕೀರ್ತಿ ಮಾತ್ರೆಗೆ ಹೋಗುತ್ತದೆ. ಹೀಗಾಗದಂತೆ, ಮಾತ್ರೆ ಆರಂಭಿಸುವ ಮೊದಲೇ ಕನಿಷ್ಠ ಎರಡು ವಾರ, ತಲೆನೋವಾದರೆ ಒಂದು ತಿಂಗಳು, ದಿನವೂ ಬರೆಯಬೇಕು. ಬೆಳಿಗ್ಗೆ ಎದ್ದಾಗ ನೋವು 0ರಿಂದ 10ರಲ್ಲಿ ಎಷ್ಟು, ಸಂಜೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ನೋವಿನ ಮಾತ್ರೆ ಎಷ್ಟು ನುಂಗಿದೆ. ಇವುಗಳ ಜೊತೆಗೆ ದಿನವೂ ಮಾಡುವ ಒಂದು ನಿಜವಾದ ಕೆಲಸವನ್ನು ಆರಿಸಿಕೊಳ್ಳಿ: ಬಾವಿಯಿಂದ ಎಷ್ಟು ಕೊಡ ನೀರು ಸೇದಿದ ಮೇಲೆ ಕೂರಬೇಕಾಯಿತು, ಎಷ್ಟು ಹೊತ್ತು ನಿಂತು ಪಾಠ ಮಾಡಲು ಆಯಿತು, ಎಷ್ಟು ಕಟ್ಟು ಬೀಡಿ ಆದ ಮೇಲೆ ಬೆರಳು ಸೋತವು. ಅಂಕಗಳಿಗಿಂತ ಈ ಸಾಲು ಹೆಚ್ಚು ನಂಬಿಕೆಗೆ ಅರ್ಹ ಎಂದು ನನಗನ್ನಿಸಿದೆ.

ಆಮೇಲೆ 12 ವಾರ ಮಾತ್ರೆ ತೆಗೆದುಕೊಳ್ಳಿ. ಆ ಅವಧಿಯಲ್ಲಿ ಹೊಸ ಕಷಾಯ, ಹೊಸ ಎಣ್ಣೆ, ಇನ್ನೊಂದು ವಿಟಮಿನ್ ಯಾವುದನ್ನೂ ಸೇರಿಸಬೇಡಿ. ಸೇರಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ತುಸು ಹಗುರಾದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋಗಿ ಮರುದಿನ ಹಾಸಿಗೆ ಹಿಡಿಯುವುದೂ ಲೆಕ್ಕವನ್ನು ಕೆಡಿಸುತ್ತದೆ. 12 ವಾರ ಮುಗಿದಾಗ ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡಿ. ವ್ಯತ್ಯಾಸ ಕಂಡರೂ ಒಮ್ಮೆ ನಿಲ್ಲಿಸಿ, ಬರೆಯುವುದನ್ನು ಮುಂದುವರಿಸಿ. ನೋವು ಹಿಂದಿರುಗಿದರೆ ಮಾತ್ರ ಮಾತ್ರೆಗೆ ಅದರಲ್ಲಿ ಪಾಲಿತ್ತು ಎನ್ನಬಹುದು. ರಕ್ತಪರೀಕ್ಷೆಯಲ್ಲಿ ಕೊರತೆ ಸಿಕ್ಕಿ ವೈದ್ಯರೇ ಮೆಗ್ನೀಸಿಯಂ ಬರೆದುಕೊಟ್ಟವರು ಹೀಗೆ ಸ್ವಂತವಾಗಿ ನಿಲ್ಲಿಸಬಾರದು.

ಥೈರಾಯ್ಡ್ ಮಾತ್ರೆಯ ತಪ್ಪನ್ನು ತಿದ್ದಿಕೊಂಡು, ಟಿಎಸ್ಎಚ್ ಮತ್ತೆ ಸರಿಹೋದ ಮೇಲೆ ನನ್ನ ಹೆಂಡತಿ ಹೀಗೆಯೇ ಮೊದಲಿನಿಂದ ಆರಂಭಿಸಿದಳು. ಮಾತ್ರೆಗೆ ಮುಂಚಿನ ತಿಂಗಳಲ್ಲಿ ಮೈಗ್ರೇನ್ ಬಂದ ದಿನಗಳು 7 ಇದ್ದವು. ಮೂರನೆಯ ತಿಂಗಳಲ್ಲಿ 3ಕ್ಕೆ ಇಳಿದವು. ಸೊಂಟ ಮತ್ತು ಹೆಗಲಿನ ನೋವು ಮೊದಲ ಪುಟದಲ್ಲಿಯೂ 5, ಕೊನೆಯ ಪುಟದಲ್ಲಿಯೂ 5. ನಿಲ್ಲಿಸಿದ ಎರಡನೆಯ ತಿಂಗಳಲ್ಲಿ ತಲೆನೋವು ಮತ್ತೆ 6 ದಿನಕ್ಕೆ ಬಂತು. ಈಗ ಅವಳು ವೈದ್ಯರ ಒಪ್ಪಿಗೆಯೊಂದಿಗೆ, ತಲೆನೋವಿಗಾಗಿ ಮಾತ್ರ, ರಾತ್ರಿ ಊಟವಾದ ಮೇಲೆ 200 ಮಿ.ಗ್ರಾಂ ತೆಗೆದುಕೊಳ್ಳುತ್ತಾಳೆ, ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸುತ್ತಾಳೆ. ಸೊಂಟದ ನೋವಿಗೆ ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಹೋಗುತ್ತಾಳೆ. ಬೀಡಿ ಕಟ್ಟುವ ಅಕ್ಕನೂ ಅವಳು ಹೇಳಿದ ಅಲ್ಲಿಗೇ ಹೋಗತೊಡಗಿದ್ದಾರೆ. ಮೊರವನ್ನು ಮಡಿಲಿನಿಂದ ಎತ್ತಿ ಒಂದು ಮಣೆಯ ಮೇಲೆ ಇಟ್ಟುಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು ಕೂರಲು ಅವರಿಗೆ ಅಲ್ಲಿ ಹೇಳಿಕೊಟ್ಟಿದ್ದಾರೆ.